ಕೇಳಿಸಿಕೊಂಡವಳ ಮುಖ

"ನನ್ನ ಶಾಟ್ ತೆಗೆದ್ರಂತೆ, ಹೌದಾ?"

ಬಾಗಿಲು ತಟ್ಟದೆ ಒಳಗೆ ನುಗ್ಗಿದವಳ ಮೊದಲ ಮಾತು ಅದು. ಎಡಿಟರ್ ತಲೆ ಎತ್ತಲಿಲ್ಲ. ಬಿಳಿ ಕೈಗವಸು ಹಾಕಿಕೊಂಡು ಫಿಲ್ಮಿನ ತುಂಡೊಂದನ್ನು ಬಲ್ಬಿನ ಬೆಳಕಿಗೆ ಹಿಡಿದಿದ್ದ.

"ಸ್ವಲ್ಪ ಹಿಂದೆ ಸರೀರಿ. ಹೀರೋ ತಲೆ ಮೇಲೆ ನಿಂತಿದ್ದೀರಿ."

ಅವಳು ಕೆಳಗೆ ನೋಡಿದಳು. ಚಪ್ಪಲಿಯಡಿ ಫಿಲ್ಮಿನ ಸುರುಳಿ. ಜಗಳಕ್ಕೆಂದು ಬಂದವಳು ಒಂಟಿ ಕಾಲಲ್ಲಿ ನಿಂತು ತೂರಾಡಬೇಕಾಯಿತು. ಸಿಟ್ಟು ಇನ್ನಷ್ಟು ಏರಿತು.

"ಕೇಳಿದ್ದಕ್ಕೆ ಉತ್ತರ ಕೊಡಿ. ಗುಂಡಿ ಹೊಲಿಯೋ ಸೀನಿನಲ್ಲಿ ನನ್ನ ಕ್ಲೋಸಪ್ ಇತ್ತಲ್ಲ, ಅದನ್ನ ತೆಗೆದ್ರಾ?"

"ಹೂಂ, ತೆಗೆದೆ."

"ಯಾಕೆ?"

"ಚೆನ್ನಾಗಿತ್ತು. ಅದಕ್ಕೇ ತೆಗೆದೆ."

"ಚೆನ್ನಾಗಿದ್ರೆ ಯಾರಾದ್ರೂ ತೆಗೀತಾರಾ?"

ಈಗ ಅವನು ತಲೆ ಎತ್ತಿದ. ಪ್ರಶ್ನೆಯೇ ಅರ್ಥವಾಗದವನಂತೆ ಅವಳನ್ನು ನೋಡಿದ.

"ಚೆನ್ನಾಗಿಲ್ದೇ ಇದ್ರೆ ನಾನ್ಯಾಕ್ರೀ ತೆಗೀಲಿ?"

ಎಂಥ ಸೊಕ್ಕು ಇವನಿಗೆ... ಹೀರೋಯಿನ್‌ಗಿಂತ ಚೆನ್ನಾಗಿ ಮಾಡಿದ್ದೇ ತಪ್ಪಾಯಿತು, ಅದನ್ನೂ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾನಲ್ಲ. ಕಣ್ಣು ತುಂಬುವ ಮೊದಲೇ ಅವಳು ಹೊರಗೆ ಬಂದಳು.

ಸ್ಟುಡಿಯೋದಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗೇಟಿನ ಕಾವಲುಗಾರನಿಂದ ನಿರ್ದೇಶಕರವರೆಗೆ ಎಲ್ಲರಿಗೂ ಅವಳು ಅತ್ತಿಗೆ. ಯಾವ ಸಿನಿಮಾ ಆದರೂ ಹೀರೋನ ಅಣ್ಣನ ಹೆಂಡತಿ ಅವಳೇ. ಹೀರೋಗೆ ನಲವತ್ತು ದಾಟಿತ್ತು, ಅವಳಿಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಆದರೂ ಅವನು ಅವಳ ಮಡಿಲಲ್ಲಿ ತಲೆಯಿಟ್ಟು "ನೀವು ನನಗೆ ತಾಯಿ ಸಮಾನ" ಎಂದು ಅಳುತ್ತಿದ್ದ. ಶಾಟ್ ಮುಗಿದ ಮೇಲೆ ಸೊಂಟ ಹಿಡಿದುಕೊಂಡು ಏಳಲು ಅವನಿಗೆ ಅವಳದೇ ಕೈ ಬೇಕಿತ್ತು.

ಅವಳ ಪಾಲಿಗೆ ಬರುತ್ತಿದ್ದ ಮಾತುಗಳೆಂದರೆ "ಊಟಕ್ಕೆ ಏಳಿ", "ಡಾಕ್ಟರನ್ನ ಕರೆಸ್ಲಾ?", ತೀರಾ ಹೆಚ್ಚೆಂದರೆ "ಅಯ್ಯೋ, ಏನಾಯ್ತು?"

ಈ ಸಲ ಮಾತ್ರ ನಿರ್ದೇಶಕರು ಒಂದು ಕ್ಲೋಸಪ್ ಕೊಟ್ಟಿದ್ದರು. ಅದೂ ಮಾತಿಲ್ಲದ್ದು. ಮನೆ ಬಿಟ್ಟು ಹೊರಟ ಹೀರೋಯಿನ್ ಉದ್ದಕ್ಕೆ ಮಾತಾಡುತ್ತಾಳೆ, ಅತ್ತಿಗೆ ಅಂಗಿಗೆ ಗುಂಡಿ ಹೊಲಿಯುತ್ತ ಕೇಳಿಸಿಕೊಳ್ಳುತ್ತಾಳೆ. ಅಷ್ಟೇ.

ಆ ಅಷ್ಟರ ಮೇಲೆ ಅವಳ ಇಡೀ ಬದುಕು ನಿಂತಿತ್ತು. ಸೋದರಮಾವ ಯಾರ ಯಾರನ್ನೋ ಹಿಡಿದು ಟೆಲಿಫೋನ್ ಆಫೀಸಿನಲ್ಲಿ ಕೆಲಸ ಕೊಡಿಸಿದ್ದ. ಸೋಮವಾರ ಸೇರಬೇಕು. ಆ ಕ್ಲೋಸಪ್ ಪರದೆಯ ಮೇಲೆ ಬಂದರೆ ಸಿನಿಮಾದಲ್ಲಿ ಉಳಿಯುತ್ತೇನೆ, ಬರದಿದ್ದರೆ ಇದಕ್ಕೊಂದು ದೊಡ್ಡ ನಮಸ್ಕಾರ ಎಂದು ಅವಳು ತೀರ್ಮಾನಿಸಿಕೊಂಡಿದ್ದಳು. ಈಗ ಮೇಕಪ್ ರೂಮಿನಲ್ಲಿ ಕೇಳಿದ ಸುದ್ದಿ ನಿಜವೆಂದು ಅವನೇ ಒಪ್ಪಿಕೊಂಡಿದ್ದ.

ಮರುದಿನ ಕ್ಯಾಂಟೀನು ಅರ್ಧ ಖಾಲಿಯಿತ್ತು. ಎಡಿಟರ್ ಟೀ ಲೋಟ ಹಿಡಿದುಕೊಂಡು ನೇರ ಅವಳ ಮೇಜಿಗೆ ಬಂದು ಕೂತ.

"ಬೇರೆ ಕಡೆ ಜಾಗ ಇಲ್ವಾ?"

"ಇದೆ," ಎಂದ. ಏಳಲಿಲ್ಲ.

ಪಕ್ಕದ ಮೇಜಿನಿಂದ ಹಳೆಯ ಲೈಟ್‌ಮನ್ ಕತ್ತು ಚಾಚಿದ. "ಎಡಿಟರೇ, ಅತ್ತಿಗೆ ಪಕ್ಕ ಕೂತೋರನ್ನ ನಾವು ಅಣ್ಣ ಅನ್ಬೇಕಾಗುತ್ತೆ. ಯೋಚನೆ ಮಾಡಿ ಕೂತ್ಕೊಳ್ಳಿ."

"ಅನ್ನಿ, ಯಾರು ಬೇಡ ಅಂದ್ರು?" ಎಂದು ಅವನು ಟೀ ಊದಿದ.

ಅವಳ ಕಿವಿ ಬಿಸಿಯಾಯಿತು. ಮಾಡಿದ್ದನ್ನೂ ಮಾಡಿ ತಮಾಷೆ ಬೇರೆ...

"ಸೋಮವಾರದಿಂದ ನಾನು ಬರಲ್ಲ. ಟೆಲಿಫೋನ್ ಆಫೀಸು ಸೇರ್ತೀನಿ."

ಊದುವುದು ನಿಂತಿತು. "ಯಾಕೆ?"

"ನೀವೇ ಕೇಳ್ತೀರಾ? ಇಷ್ಟು ವರ್ಷಕ್ಕೆ ಒಂದು ಶಾಟ್ ಸಿಕ್ಕಿತ್ತು. ಅದನ್ನೂ ತೆಗೆದ್ರಿ."

"ತೆಗೆದಿದ್ದಕ್ಕೆ ಬೇಜಾರಾ?" ಅವನ ಮುಖ ಇಳಿದುಹೋಯಿತು. "ನಿಮಗೆ ಖುಷಿಯಾಗುತ್ತೆ ಅಂದ್ಕೊಂಡಿದ್ದೆ."

"ಖುಷಿ? ನಿಮಗೆ ತಲೆ ನೆಟ್ಟಗಿದೆಯಾ?"

ಅವನು ಲೋಟ ಕೆಳಗಿಟ್ಟ. "ಈಗ ಬದಲಾಯಿಸೋಕೆ ಆಗಲ್ಲ, ಪ್ರಿಂಟಿಗೆ ಹೋಗಿದೆ. ಶುಕ್ರವಾರ ಮಧ್ಯಾಹ್ನ ಟ್ರಯಲ್ ಷೋ. ಒಂದ್ಸಲ ನೋಡಿ. ಆಮೇಲೂ ಬೇಜಾರಾದ್ರೆ... ಇಲ್ಲೇ ಎಲ್ಲರ ಮುಂದೆ ಬೈರಿ."

ಟೀ ಕುಡಿಯದೆ ಎದ್ದು ಹೋದ. ಅವನ ಬೆನ್ನು ನೋಡುತ್ತಿದ್ದಂತೆ ಅವಳಿಗೆ ಒಳಗೆಲ್ಲೋ ಚುರ್ರೆಂದಿತು. ಇವನ ಮುಖ ಇಳಿದರೆ ನನಗೇನು? ಏನೂ ಅಲ್ಲ. ಆದರೂ ಆ ಲೋಟದಲ್ಲಿ ಟೀ ಆರುವವರೆಗೂ ಅವಳು ಅಲ್ಲೇ ಕೂತಿದ್ದಳು.

ಷೋಗೆ ಹೋಗುವುದಿಲ್ಲವೆಂದು ಹಟ ಹಿಡಿದಳು. ಅಮ್ಮ ಕೇಳಲಿಲ್ಲ. "ಪುಕ್ಕಟೆ ಸಿನಿಮಾ ಬಿಡ್ತಾರೇನೇ? ನೀನಿಲ್ದೇ ಇದ್ರೆ ಹೀರೋನ ನೋಡ್ಕೊಂಡು ಬರೋಣ ನಡಿ."

ಸ್ಟುಡಿಯೋದ ಪುಟ್ಟ ಥಿಯೇಟರಿನಲ್ಲಿ ಅವಳು ಕೊನೆಯ ಸಾಲು ಹಿಡಿದಳು. ಸಿನಿಮಾ ಎಂದಿನಂತೆ ಸಾಗಿತು. ಹೀರೋ ಮರ ಸುತ್ತಿದ, ಅಣ್ಣ ಕೆಮ್ಮಿದ, ಅತ್ತಿಗೆ "ಡಾಕ್ಟರನ್ನ ಕರೆಸ್ಲಾ?" ಎಂದಳು. ಗುಂಡಿ ಹೊಲಿಯುವ ಸೀನು ಬರುತ್ತಲೇ ಅವಳು ಕಣ್ಣು ಮುಚ್ಚಿಕೊಂಡಳು. ಹೀರೋಯಿನ್ನಿನ ದನಿ ಕೇಳತೊಡಗಿತು.

ಅಮ್ಮ ತೊಡೆ ಚಿವುಟಿದಳು. "ಕಣ್ಣು ಬಿಡೇ. ನೀನೇ ಕಣೇ."

ಪರದೆಯ ಉದ್ದಗಲಕ್ಕೂ ಅವಳ ಮುಖ.

ಹೀರೋಯಿನ್ ಮಾತಾಡುತ್ತಿದ್ದಳು, ಆದರೆ ಕಾಣುತ್ತಿರಲಿಲ್ಲ. ಆ ಉದ್ದದ ಮಾತಿಗೆಲ್ಲ ಎಡಿಟರ್ ಇವಳ ಮುಖವನ್ನೇ ಜೋಡಿಸಿದ್ದ. ಸೂಜಿ ಒಮ್ಮೆ ನಿಂತಿತು, ಮತ್ತೆ ಚಲಿಸಿತು. ದಾರ ಕಚ್ಚಿ ತುಂಡರಿಸುವಾಗ ತುಟಿ ಸ್ವಲ್ಪ ಅದುರಿತು. ಹಾಗೆ ಅದುರಿದ್ದು ಅವಳಿಗೇ ಗೊತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ನಿರ್ಮಾಪಕರು ಕನ್ನಡಕ ಒರೆಸಿಕೊಂಡರು. ಯಾರೋ ಮೂಗೆಳೆದರು. ಅಮ್ಮನಂತೂ ಬಾಯಿಗೆ ಸೆರಗು ಹಿಡಿದಿದ್ದಳು.

ಅಯ್ಯೋ, ನಾನೆಂಥ ಪೆದ್ದಿ...

ದೀಪ ಹತ್ತಿದಾಗ ಹೀರೋಯಿನ್ ಹತ್ತಿರ ಬಂದು ಅವಳ ಭುಜ ತಟ್ಟಿದಳು. "ನನ್ನ ಡೈಲಾಗಿಗೆ ಹೇಗೆ ಅತ್ರು ನೋಡಿದ್ಯಾ ಅತ್ತಿಗೆ?"

"ನೋಡಿದೆ," ಎಂದಳು. ನಗು ತಡೆಯಲು ತುಟಿ ಕಚ್ಚಿಕೊಳ್ಳಬೇಕಾಯಿತು.

ನಿರ್ದೇಶಕರು ಹೋಗುತ್ತ ಹೋಗುತ್ತ ಹೇಳಿದರು, "ಮುಂದಿನ ಚಿತ್ರಕ್ಕೂ ನೀನು ಬೇಕಮ್ಮ."

"ಯಾವ ಪಾತ್ರ ಸರ್?"

"ಅತ್ತಿಗೇನೇ. ಮತ್ತಿನ್ನೇನು?"

ಎಡಿಟರ್ ಒಳಗೆ ಬಂದೇ ಇರಲಿಲ್ಲ. ಪ್ರೊಜೆಕ್ಟರ್ ಕೋಣೆಯ ಮೆಟ್ಟಿಲ ಮೇಲೆ, ಬೈಸಿಕೊಳ್ಳಲು ತಯಾರಾದವನಂತೆ ಕೂತಿದ್ದ. ಅವಳು ಎದುರಿಗೆ ನಿಂತಳು.

"ತೆಗೆಯೋದು ಅಂದ್ರೆ ನಿಮ್ಮಲ್ಲಿ ಏನ್ರೀ ಅರ್ಥ?"

"ರಾಶಿಯಿಂದ ಒಳ್ಳೇದನ್ನ ಆರಿಸಿ ತೆಗೆಯೋದು."

"ಬೇಡದ್ದನ್ನ?"

"ಬಿಸಾಕ್ತೀವಿ."

"ನಮ್ಮ ಮೇಕಪ್ ರೂಮಲ್ಲಿ ತೆಗೆದ್ರು ಅಂದ್ರೆ ಬಿಸಾಕಿದ್ರು ಅಂತಲೇ."

ಅವನು ಅವಳನ್ನೇ ನೋಡಿದ. ಆ ದಿನದ ಒಂದೊಂದು ಮಾತೂ ಈಗ ತಲೆಕೆಳಗಾಗಿ ಅರ್ಥವಾಗುತ್ತಿತ್ತು. ಇಬ್ಬರೂ ಒಟ್ಟಿಗೆ ನಕ್ಕರು. ಅವಳು ನಿಲ್ಲಲಾಗದೆ ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು.

"ಸೋಮವಾರ?" ನಗು ಮುಗಿದ ಮೇಲೆ ಅವನು ಮೆಲ್ಲಗೆ ಕೇಳಿದ.

"ಮಾವನಿಗೆ ಏನಾದ್ರೂ ಹೇಳಿದ್ರಾಯ್ತು. ನಾನೆಲ್ಲೂ ಹೋಗಲ್ಲ."

ಅವನು ಉಸಿರು ಬಿಟ್ಟ. ಬರಿಗೈಗಳನ್ನು ಒಂದಕ್ಕೊಂದು ಉಜ್ಜಿದ.

"ಒಂದು ಮಾತು. ಪ್ರತಿ ಸಿನಿಮಾದಲ್ಲೂ ನಿಮ್ಮ ಮುಖ ಹುಡುಕ್ತೀನಿ. ಹೀರೋ ಹಿಂದೆ, ಬಾಗಿಲ ಸಂದಿಯಲ್ಲಿ, ಎಲ್ಲಿದ್ರೂ. ಮೊದಮೊದಲು ಕೆಲಸಕ್ಕೆ ಅಂತ ಹುಡುಕ್ತಿದ್ದೆ. ಈಗ ಮಷೀನು ನಿಲ್ಲಿಸಿದ ಮೇಲೂ... ಮುಂದಕ್ಕೆ ಹೇಗೆ ಹೇಳ್ಬೇಕೋ ಗೊತ್ತಿಲ್ಲ. ನನ್ನನ್ನ ಮದುವೆ ಆಗ್ತೀರಾ?"

ಅವಳು ತಿರುಗಿ ಹೊರಗೆ ನೋಡಿದಳು. ಹೊರಗಿನ ಬೆಂಚಿನಲ್ಲಿ ಅಮ್ಮ ಚೀಲ ಮಡಿಲಲ್ಲಿಟ್ಟುಕೊಂಡು ಇತ್ತಲೇ ನೋಡುತ್ತಿದ್ದಳು.

"ನನಗೆ ಒಪ್ಪಿಗೆ. ಅಮ್ಮನ ಹತ್ರ ನೀವೇ ಕೇಳ್ಬೇಕು. ಈಗಲೇ."

"ಈಗಲೇನಾ? ನನಗೆ ಮಾತು ಬರಲ್ಲ, ನೋಡಿದ್ರಲ್ಲ."

"ಏನೋ ಒಂದು ಮಾತಾಡಿ," ಎಂದು ಅವಳು ಎದ್ದು ಕೈ ಚಾಚಿದಳು. "ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ತೀನಿ. ಮಿಕ್ಕಿದ್ದನ್ನ ನನ್ನ ಮುಖ ನೋಡಿ ಅಮ್ಮ ಅರ್ಥ ಮಾಡ್ಕೊಳ್ತಾಳೆ."