ಮುಚ್ಚಿದ ಬಾವಿಯ ಗಂಟು

ಆ ಮೂಲೆಯ ಬಾವಿಯ ತಂಟೆಗೆ ಹೋಗಬೇಡವೆಂದು ಹಿರಿಯ ಸಮೀಕ್ಷಕರು ಬಡಕೊಂಡಿದ್ದರು. ಊರಾಚೆಯ ಬಯಲಿನಲ್ಲಿ ಬಿಸಿನೆಸ್ ಪಾರ್ಕ್ ಕಟ್ಟಲು ಮೊದಲ ಪರಿಸರ ವರದಿ ಬರೆದವರು ಅವರೇ. ಅಲ್ಲಿದ್ದ ಮನೆ ಕೆಡವಿ ಬಾವಿ ಮುಚ್ಚಿಸಿದ ದಿನ, ಅಲ್ಲಿಂದ ಹೊರದಬ್ಬಿಸಿಕೊಂಡ ವಿಧವೆ ಏನನ್ನೋ ಮಂತ್ರಿಸಿ ಅದರೊಳಗೆ ಎಸೆದಿದ್ದಳಂತೆ. ಮುಂದೆ ಅಲ್ಲಿನ ಮಣ್ಣಿಗೆ ಕೈಹಾಕಿದ ಡ್ರಿಲ್ಲಿನವನು ಅಂದೇ ಹೆಂಡತಿಯ ಕುತ್ತಿಗೆ ಹಿಸುಕಿದ್ದ.

“ಮುಟ್ಟಿದ ಕೈ ಮನೆಯವರನ್ನೇ ತಿನ್ನುತ್ತೆ, ಕಣಮ್ಮ,” ಎಂದಿದ್ದರು.

ಹಳೆಯ ವರದಿಯನ್ನು ಪರಿಷ್ಕರಿಸುವ ಕೆಲಸ ಈಗ ಅವರ ಕೈಕೆಳಗಿನ ಕಿರಿಯ ಸಮೀಕ್ಷಕಿಯಾದ ಅವಳ ಪಾಲಿಗೆ ಬಂದಿತ್ತು. ಗಂಡ ಹೆಂಡಿರ ಜಗಳಕ್ಕೆ ಅಂತರ್ಜಲ ಹೊಣೆಯೇ ಎಂದು ಅವಳು ನಕ್ಕಳು. ತಮ್ಮನೆದುರು ಮುದುಕರ ನಡುಗುದನಿಯನ್ನು ಅಣಕಿಸಿಯೂ ತೋರಿಸಿದಳು. ಈ ಸಲ ಡ್ರಿಲ್ ಯಂತ್ರ ನಡೆಸುವವನು ಆ ತಮ್ಮನೇ. ಅಮ್ಮ ತೀರಿಕೊಂಡ ಮೇಲೆ ಅವಳೇ ಎತ್ತಿ ಆಡಿಸಿ, ಬೈದು, ಓದಿಸಿ ದೊಡ್ಡವನನ್ನಾಗಿ ಮಾಡಿದ್ದಳು.

ನಡುಹಗಲು. ಬಯಲೆಲ್ಲ ಕಾದ ಕಾವಲಿಯಂತಿತ್ತು. ಮಣ್ಣಿನ ಮಾದರಿ ತೆಗೆಯಲು ಡ್ರಿಲ್ಲಿನ ತಿರುಪಿನ ಸರಳು ಮುಚ್ಚಿದ ಬಾವಿಯ ಮೇಲೆಯೇ ಗುರುಗುಟ್ಟುತ್ತ ನೆಲಕ್ಕಿಳಿಯಿತು. ಮೊದಲು ಕಲ್ಲುಪುಡಿ, ಆಮೇಲೆ ಕೆಂಪು ಮಣ್ಣು, ಕೊನೆಗೆ ಕಾಡಿಗೆಯಂಥ ಕೆಸರು ಮೇಲೆ ಬಂತು. ಡೀಸೆಲ್ ವಾಸನೆಯನ್ನೂ ಮೆಟ್ಟಿ, ಕೂದಲು ಸುಟ್ಟ ಕಮಟು ಮೂಗಿಗೆ ಅಡರಿತು. ಕೆಸರಿನ ನಡುವೆ ಮುಷ್ಟಿಗಾತ್ರದ ಬಟ್ಟೆಗಂಟು. ಕೂದಲನ್ನೇ ಹುರಿಮಾಡಿ ಅದಕ್ಕೆ ಬಿಗಿದಿದ್ದರು.

ತಮ್ಮನ ಮುಖದ ನಗು ಇಳಿಯಿತು. “ಅಕ್ಕ, ಬೇಡ. ಬಿಟ್ಬಿಡು.”

“ನೀನೂ ಶುರು ಹಚ್ಕೊಂಡ್ಯಾ?”

ಕೈಗವಸು ಕಳಚಿ ಬಲಗೈಯಿಂದ ಹುರಿ ಕಿತ್ತಳು. ಒಳಗೆ ಹಲ್ಲುಗಳಿದ್ದವು. ಮನುಷ್ಯರವು. ಬುಡದಲ್ಲಿ ರಕ್ತ ಇನ್ನೂ ಹಸಿಯಾಗಿತ್ತು.

ಹೆಬ್ಬೆರಳಿನಿಂದ ಚಳಿ ಹತ್ತಿತು. ಭುಜಕ್ಕೇರಿ ನಿಂತಿತು. ಬೆರಳು ಮಡಚಲು ನೋಡಿದಳು, ಮಾತು ಕೇಳಲಿಲ್ಲ. ಅವು ತಾವಾಗಿಯೇ ಚಾಚಿ, ಬಿದ್ದಿದ್ದ ಸ್ಪ್ಯಾನರ್ ಹಿಡಿದವು.

ಓಡು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಕೈ ಬೀಸಿಯಾಗಿತ್ತು. ಕಬ್ಬಿಣ ತಮ್ಮನ ಕಿವಿಯನ್ನು ಜಜ್ಜಿತು. ಅವನು ಕುಸಿದ. ಕೈ ಮತ್ತೆ ಎದ್ದಿತು. ಕೆನ್ನೆಯ ಮೂಳೆ ಒಡೆಯಿತು. ಅವಳು ಎಡಗೈಯಿಂದ ತನ್ನ ಬಲಗೈಯನ್ನೇ ಜಗ್ಗಿದಳು, ಕಚ್ಚಿದಳು. ಬಾಯಿತುಂಬ ತನ್ನದೇ ರಕ್ತದ ಉಪ್ಪು. ಆ ಕೈಗೆ ನೋವೇ ಇರಲಿಲ್ಲ. ಸ್ಪ್ಯಾನರ್ ಬಿಸುಟು ಅದು ತಮ್ಮನ ಕತ್ತನ್ನು ಅಮರಿಕೊಂಡಿತು.

“ಅಕ್ಕ, ನಾನು ಕಣೇ...” ದನಿ ಅಲ್ಲೇ ಕಟ್ಟಿತು. ಅವನ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತು.

ಯಂತ್ರ ತಿರುಗುತ್ತಲೇ ಇತ್ತು. ಕಾಲುಗಳು ಮಾತ್ರ ಇನ್ನೂ ಅವಳವಾಗಿದ್ದವು. ತಮ್ಮನನ್ನೂ ಎಳೆದುಕೊಂಡು ಹಿಂದೆ ಹಿಂದೆ ಸರಿದಳು. ಬಲ ಮೊಣಕೈಯನ್ನು ತಿರುಪಿಗೆ ಒತ್ತಿದಳು. ತೋಳಿನ ಬಟ್ಟೆ ಸಿಕ್ಕಿತು. ತೊಗಲು ಸಿಕ್ಕಿತು. ಮೂಳೆ ಹಸಿ ಸೌದೆಯಂತೆ ಸೀಳಿಹೋಯಿತು. ಇನ್ನೂ ಒತ್ತಿದಳು. ಬೆರಳುಗಳು ಕತ್ತು ಬಿಟ್ಟವು. ಹಾಡಹಗಲೇ ಕತ್ತಲಾಯಿತು.

ಇಬ್ಬರೂ ಬದುಕಿದರು. ತಮ್ಮನಿಗೆ ಒಂದು ಕಿವಿ ಹೋಯಿತು, ಮುಖ ಸೊಟ್ಟಗಾಯಿತು. ಯಂತ್ರಕ್ಕೆ ಸಿಕ್ಕ ತನ್ನನ್ನು ಬಿಡಿಸಲು ಹೋಗಿ ಅಕ್ಕ ಕೈ ಕಳೆದುಕೊಂಡಳೆಂದು ಅವನು ಪೊಲೀಸರಿಗೆ ಹೇಳಿದ. ದಿನವೂ ಆಸ್ಪತ್ರೆಗೆ ಬಂದು ತುತ್ತು ಮಾಡಿ ತಿನ್ನಿಸುತ್ತಿದ್ದ. ಸ್ಟೂಲನ್ನು ಮಾತ್ರ ಯಾವಾಗಲೂ ಅವಳ ಬಲಕ್ಕೆ, ಕೈ ಇಲ್ಲದ ಕಡೆಗೇ ಎಳೆದುಕೊಳ್ಳುತ್ತಿದ್ದ.

ಒಮ್ಮೆ ಅವಳು ಎಡಗೈ ಚಾಚಿ ಅವನ ಕೆನ್ನೆ ಸವರಲು ಹೋದಳು. ಅವನು ಬೆಚ್ಚಿ ಸ್ಟೂಲಿನ ಸಮೇತ ಹಿಂದಕ್ಕುರುಳಿದ. ಎದ್ದು, ಏನೂ ಆಗಿಲ್ಲವೆಂಬಂತೆ ಚೆಲ್ಲಿದ ಅನ್ನ ಬಳಿದ.

ಅಂದಿನಿಂದ ಅವನ ಹೆಜ್ಜೆ ಸದ್ದು ಕೇಳಿದರೆ ಸಾಕು, ಅವಳು ಎಡಗೈಯನ್ನು ಹೊದಿಕೆಯೊಳಗೆ ಸೇರಿಸಿ, ಅದರ ಮೇಲೆ ಮಗ್ಗುಲಾಗಿ ಮಲಗಿಬಿಡುತ್ತಾಳೆ.