ಅರಗಿನ ಬಿರಡೆ

ಎಂಜಿನ್ ಇನ್ನೇನು ಸಾಯುವುದರಲ್ಲಿತ್ತು.

ಗೇರು ನ್ಯೂಟ್ರಲ್‌ನಲ್ಲಿತ್ತು. ಆಕ್ಸಿಲರೇಟರ್ ಮೇಲಿನ ಕಾಲು ಒಂದಿಷ್ಟು ಸಡಿಲಿಸಿದರೆ ಸಾಕು, ನನ್ನ ಹಳೆಯ ಫಿಯೆಟ್ ಗೊರ್ರೆಂದು ಏರುತ್ತಿತ್ತು, ಕುಸಿಯುತ್ತಿತ್ತು, ಮತ್ತೆ ಏರುತ್ತಿತ್ತು... ಉಬ್ಬಸದ ರೋಗಿಯ ಹಾಗೆ.

ಮುಂದೆ ಕೆಂಪು ಬಾವುಟ. ಮೈಸೂರು ರಸ್ತೆಯನ್ನು ಅಗಲ ಮಾಡುತ್ತಿದ್ದ ಕಾಲ ಅದು. ಇದ್ದದ್ದು ಒಂದೇ ಸಾಲು. ಒಮ್ಮೆ ಆ ಕಡೆಯವರು, ಒಮ್ಮೆ ಈ ಕಡೆಯವರು.

ಹಿಂದೆ, ಎರಡು ಲಾರಿ ಬಿಟ್ಟು, ಬಿಳಿ ಸುಮೋ.

ಪಕ್ಕದ ಸೀಟಿನಲ್ಲಿ ತಲೆ ತಗ್ಗಿಸಿ ಕೂತ ಮುಬಶ್ಶಿರಾ.

ನನ್ನ ಕೆಲಸ ಏನೆಂದು ಕೇಳಿದಿರಲ್ಲ? ಸಾಕ್ಷಿಗಳನ್ನು ಜೀವಸಹಿತ ಕೋರ್ಟಿಗೆ ಮುಟ್ಟಿಸುವುದು. ಅಷ್ಟೇ.

ರಾಮನಗರದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಒಂದು ಫಿಲೇಚರಿನಲ್ಲಿ ಬಾಯ್ಲರ್ ಸಿಡಿದು ಮಾಯಮ್ಮ ಎಂಬ ಕೆಲಸದವಳು ಸತ್ತಿದ್ದಳು. ಹಬೆ ಹೊರಹೋಗುವ ವಾಲ್ವಿಗೆ, ಅದು ತೆರೆಯದಂತೆ, ತಂತಿ ಬಿಗಿದವನು ಮಾಲೀಕ ಅನಂತರಾಜು. ಜೈಲಿಗೆ ಹೋದವನು ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮುಜೀಬ್. ತಂತಿ ಬಿಗಿದದ್ದನ್ನು ಕಂಡವಳು ಮುಜೀಬನ ತಂಗಿ ಈ ಮುಬಶ್ಶಿರಾ ಒಬ್ಬಳೇ. ಅವಳನ್ನು ಅಕ್ಕೂರಿನ ಒಂದು ಮನೆಯಲ್ಲಿ ಅಡಗಿಸಿಟ್ಟಿದ್ದೆ. ಅವತ್ತು ಅವಳ ಸಾಕ್ಷಿ. ಅವತ್ತೂ ಬಾರದಿದ್ದರೆ ಅವಳನ್ನು ಬಿಟ್ಟೇ ಕೇಸು ಮುಗಿಸುತ್ತೇವೆ ಎಂದು ಜಡ್ಜ್ ಸಾಹೇಬರು ಹೇಳಿಬಿಟ್ಟಿದ್ದರು.

ಸುಮೋದಿಂದ ಸ್ವಾಮಿ ಇಳಿದು ಬಂದ. ಅನಂತರಾಜುವಿನ ಆಳು. ಜನರ ಮುಂದೆ ಕೈ ಮಾಡುವವನಲ್ಲ. ಕೆಟ್ಟು ನಿಂತ ಗಾಡಿ ಅವನಿಗೆ ಸಾಕು. ನೆರವಿನ ನೆಪದಲ್ಲಿ ಹತ್ತಿಸಿಕೊಂಡು ಹೋಗಿಬಿಡುತ್ತಾನೆ.

ಕಿಟಕಿಗೆ ಮೊಣಕೈ ಊರಿದ.

"ಗಾಡಿ ಕೆಟ್ಟೋಗೈತಾ ರಾಧಕ್ಕಾ?"

"ಇಲ್ಲ."

"ಒದ್ದಾಡ್ತಾ ಐತಲ್ಲ. ನಿಂತೋದ್ರೆ ಹೇಳಿ. ಹುಡುಗೀನ ನಮ್ ಗಾಡೀಲಿ ಬುಟ್ಬುಡ್ತೀವಿ."

"ಎಲ್ಲಿಗೆ?"

ನಕ್ಕ. ಸುಮೋ ಕಡೆ ನಡೆದ.

ಬಾವುಟ ಹಿಡಿದವಳು ಒಬ್ಬ ಹೆಂಗಸು. ಮುಖಕ್ಕೆ ಟವೆಲ್ ಸುತ್ತಿದ್ದಳು, ಕಣ್ಣಷ್ಟೇ ಕಾಣುತ್ತಿತ್ತು. ಅವನನ್ನು ನೋಡಿದಳು. ಸೀಟಿನಲ್ಲಿ ಮುದುಡಿ ಕೂತ ಹುಡುಗಿಯನ್ನು ನೋಡಿದಳು. ನಾನೇನೂ ಕೇಳಿರಲಿಲ್ಲ.

ನನ್ನನ್ನು ಬಿಟ್ಟಳು. ಹಿಂದಿನ ಲಾರಿಗೆ ಬಾವುಟ ಅಡ್ಡ ಹಿಡಿದಳು.

ಸುಮೋ ಹಾರನ್ ಹೊಡೆಯಿತು. ಅವಳ ಗಂಟಲು ಅದಕ್ಕಿಂತ ಜೋರು.

"ಏನ್ಲಾ, ಬಾವುಟ ಕಾಣಾಕಿಲ್ವಾ? ಆ ಕಡೆಯೋರು ಬರ್ಲಿ, ಇರು."

ಸಿಕ್ಕಿದ್ದು ಸ್ವಲ್ಪವೇ ಸಮಯ. ರಸ್ತೆ ಬಿಟ್ಟು ಜಲ್ಲಿ ರಾಶಿಯ ಹಿಂದೆ ಕಾರು ನುಗ್ಗಿಸಿದೆ. ಹೀಗೇ ಹೋದರೆ ರಾಮನಗರದೊಳಗೆ, ಕೋರ್ಟಿನ ದಾರಿಯ ರೈಲ್ವೆ ಗೇಟಿನಲ್ಲಿ ಕಾಯುವಾಗ ಎಂಜಿನ್ ಸಾಯುವುದು ಖಂಡಿತ. ಅದು ಸ್ವಾಮಿಗೂ ಗೊತ್ತು.

ಬಾನೆಟ್ ಎತ್ತಿದೆ. ಎಂಜಿನ್ ಆಫ್ ಮಾಡಲಿಲ್ಲ.

ಚನ್ನಪಟ್ಟಣದ ಮೆಕ್ಯಾನಿಕ್ ಕರೀಂ ಆಗಲೇ ಪ್ಲಗ್ ಬದಲಿಸಿದ್ದ, ಪೆಟ್ರೋಲಿನಲ್ಲಿ ಕಸ ಎಂದು ಕಾರ್ಬೊರೇಟರ್ ತೊಳೆದಿದ್ದ. ಆದರೂ ವಾಸಿಯಾಗಿರಲಿಲ್ಲ. ಯೋಚಿಸಿದೆ. ಬೆಳಿಗ್ಗೆ ತಣ್ಣಗಿದ್ದಾಗ ಸರಿ ಇರುತ್ತದೆ. ಕಾದ ಮೇಲೆ ರೋಗ.

"ಆ ಚೋಕ್ ಅರ್ಧ ಎಳೆದು ಹಿಡ್ಕೋ," ಎಂದೆ.

ಮುಬಶ್ಶಿರಾ ಎಳೆದಳು. ಎಂಜಿನ್ ಸಮವಾಯಿತು. ಬಿಟ್ಟಳು. ಮತ್ತೆ ಉಬ್ಬಸ.

ಚೋಕ್ ಎಳೆದರೆ ಪೆಟ್ರೋಲಿನ ಪಾಲು ಹೆಚ್ಚು. ಅದರಿಂದ ಸರಿಹೋಗುತ್ತದೆ ಎಂದರೆ ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿದೆ. ಎಲ್ಲಿಂದ?

ಅವಳ ದುಪಟ್ಟಾ ತುಂಬ ರೇಷ್ಮೆ ಎಳೆಗಳು. ಬೆಳಿಗ್ಗೆ ಅಕ್ಕೂರಿನ ಮನೆಯವರ ಜೊತೆ ಕೂತು ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸಿಕೊಟ್ಟಿದ್ದಳು. ಅನ್ನ ಹಾಕಿದವರಿಗೆ ಅಷ್ಟಾದರೂ ಮಾಡಬೇಡವೇ ಎಂದಿದ್ದಳು. ಒಂದು ಎಳೆ ಕಿತ್ತುಕೊಂಡೆ. ಕಾರ್ಬೊರೇಟರಿನ ಸುತ್ತ ಹಿಡಿದುಕೊಂಡು ಹೋದೆ. ಮೇಲಿನ ಜೋಡಣೆ... ಅಲುಗಲಿಲ್ಲ. ಬುಡದ ಪ್ಯಾಕಿಂಗ್... ಅಲುಗಲಿಲ್ಲ. ಹಿಂಬದಿಯ ಪುಟ್ಟ ನಳಿಕೆ.

ಸರ್ರೆಂದು ಎಳೆ ಒಳಗೆ ಹೋಯಿತು.

ಬಾಬಾಜಾನ್ ಸಾಹೇಬರ ಬಿರಡೆ.

ಆ ನಳಿಕೆಯ ರಬ್ಬರ್ ಮುಚ್ಚಳ ಪುಡಿಯಾಗಿದ್ದಾಗ ಬೊಂಬೆ ಮಾಡುವ ಆ ಅಜ್ಜ ತಮ್ಮ ಕೆಲಸ ನಿಲ್ಲಿಸಿ, ಹಾಲೆ ಮರದಲ್ಲಿ ಅಳತೆಗೆ ಸರಿಯಾಗಿ ಕಡೆದುಕೊಟ್ಟಿದ್ದರು. ಬರೀ ಮರವನ್ನು ಕೈಯಿಂದಾಚೆ ಕಳಿಸಲು ಚನ್ನಪಟ್ಟಣದವರಿಗೆ ಮನಸ್ಸು ಬರುವುದಿಲ್ಲ. ಲೇತಿನಲ್ಲಿ ಬಿರಡೆ ತಿರುಗುವಾಗಲೇ ಚಂದಕ್ಕೆ ಕೆಂಪು ಅರಗು ಹಚ್ಚಿದ್ದರು.

ಅರಗು ಎಂಜಿನ್ನಿನ ಬಿಸಿಗೆ ಕರಗುತ್ತಿತ್ತು. ಬಿರಡೆ ಸಡಿಲವಾಗುತ್ತಿತ್ತು. ತಣ್ಣಗಾದರೆ ಮತ್ತೆ ಅಂಟಿಕೊಳ್ಳುತ್ತಿತ್ತು.

ಎಂಜಿನ್ ಆಫ್ ಮಾಡಿ ಬಿರಡೆ ಕಿತ್ತೆ. ಮೆತ್ತಗಿದ್ದ ಅರಗನ್ನು ಬ್ಲೇಡಿನಿಂದ ಮರ ಕಾಣುವವರೆಗೆ ಹೆರೆದೆ. ಅವಳು ದುಪಟ್ಟಾದ ಎಳೆಗಳನ್ನೆಲ್ಲ ಕೂಡಿಸಿ ಹೊಸೆದು ಬಿಗಿಯಾಗಿ ಸುತ್ತಿದಳು. ಸ್ಪ್ಯಾನರ್ ಹಿಡಿಯಿಂದ ಬಡಿದು ಕೂರಿಸಿದೆ.

ಅಷ್ಟರಲ್ಲಿ ರಸ್ತೆಯಲ್ಲಿ ಬಿಳಿ ಸುಮೋ ದಾಟಿಹೋಯಿತು.

ರೈಲ್ವೆ ಗೇಟು ಮುಚ್ಚಿತ್ತು. ಸುಮೋ ಅಲ್ಲೇ ಕಾಯುತ್ತಿತ್ತು. ಬೇರೆ ದಾರಿಯಿಲ್ಲ. ಹೋಗಿ ಅದರ ಪಕ್ಕದಲ್ಲೇ ನಿಲ್ಲಿಸಿದೆ.

ಸ್ವಾಮಿ ಇಳಿದು ಬಂದು ಬಾನೆಟ್ ಪಕ್ಕ ನಿಂತ. ಬೀಡಿ ಹಚ್ಚಿದ. ಎಂಜಿನ್ ಸಾಯಲಿ ಎಂದು ಕಾದ.

ನಾನೂ ಕಾದೆ. ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದುಬಿಟ್ಟೆ. ಮುಬಶ್ಶಿರಾ ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು.

ರೈಲು ಬರಲಿಲ್ಲ. ಬೀಡಿ ಮುಗಿಯಿತು.

ಎಂಜಿನ್ ಕುದಿಯುವ ಅನ್ನದ ಹಾಗೆ ಒಂದೇ ಸಮ ಸದ್ದು ಮಾಡುತ್ತಿತ್ತು.

ಕೊನೆಗೂ ರೈಲು ಹೋಯಿತು. ಗೇಟು ಏಳುತ್ತಿದ್ದಂತೆ ಗೇರು ಹಾಕಿದೆ. ಸ್ವಾಮಿ ಇನ್ನೂ ರಸ್ತೆಯಲ್ಲೇ ನಿಂತಿದ್ದ. ಅವನು ಓಡಿ ಸುಮೋ ಹತ್ತುವಷ್ಟರಲ್ಲಿ ನಾವು ಕೋರ್ಟಿನ ಪೊಲೀಸರ ಮುಂದಿದ್ದೆವು.

ಎದುರು ವಕೀಲ ಅವಳನ್ನು ತಿರುಗಿಸಿ ತಿರುಗಿಸಿ ಕೇಳಿದ. ತಂತಿ ಕಂಡಿದ್ದೆಲ್ಲಿ, ಬಿಗಿದ ಕೈ ಯಾರದು... ಪ್ರತಿ ಸಲವೂ ಅದೇ ಉತ್ತರ, ಅದೇ ದನಿ. ಜಡ್ಜ್ ಸಾಹೇಬರು ಅನಂತರಾಜುವನ್ನು ಆರೋಪಿಯಾಗಿ ಕರೆಸಲು ಹೇಳಿದರು. ಮುಜೀಬನನ್ನು ಜೈಲಿಗೆ ವಾಪಸು ಕರೆದೊಯ್ಯುತ್ತಿದ್ದ ಪೇದೆ ಬಾಗಿಲ ಬಳಿ ಬೇಕೆಂದೇ ನಿಧಾನ ಮಾಡಿದ. ಅಣ್ಣ ತಂಗಿ ಒಂದು ಮಾತಾಡಿಕೊಳ್ಳಲಿ ಎಂದು.

ಹೊರಗೆ ಸ್ವಾಮಿ ಕಾಂಪೌಂಡಿಗೆ ಒರಗಿ ನಿಂತಿದ್ದ. ಕೈಯಲ್ಲಿ ಮೊಬೈಲು. ಸುಮೋ ಇರಲಿಲ್ಲ. ಧಣಿ ಫೋನಿನಲ್ಲೇ ಕೆಲಸದಿಂದ ತೆಗೆದಿದ್ದನಂತೆ.

"ಅಕ್ಕಾ," ಎಂದ ನೆಲ ನೋಡುತ್ತ, "ನಿಮ್ಗೆ ಡ್ರೈವರ್ ಏನಾದ್ರೂ ಬೇಕಾ?"

"ಬೇಡಪ್ಪಾ," ಎಂದೆ. "ನೀನು ಹಿಂದೆ ಇದ್ರೇನೇ ನನಗೆ ಕ್ಷೇಮ."