ಮಾರಕ್ಕನ ಸೂರ್ಯ

ಬೆಳಿಗ್ಗೆ ಎಂಟಕ್ಕೆ, ಸೂರ್ಯನ ಸ್ಥಿತಿಯನ್ನು ಮುಂಚಿತವಾಗಿ ಲೆಕ್ಕಹಾಕುವ ಗಣಕಯಂತ್ರ ‘ಮುಂಗಾಣಿ’ ಅಂದಿನ ಸೂರ್ಯನ ಚಿತ್ರವನ್ನು ಹೊರಹಾಕಿತು. ಹದಿಮೂರು ಕಲೆಗಳು. ಪ್ರತಿಯೊಂದರ ಜಾಗವೂ ಅಳತೆಯೂ ಕರಾರುವಾಕ್ಕು. ಸೂರ್ಯನ ಮೈಮೇಲೆ ಕಾಂತಬಲ ಗಂಟುಬಿದ್ದು ತುಸು ತಣ್ಣಗಾದ ಜಾಗಗಳೇ ಈ ಕಲೆಗಳು. ಅವು ಕೆರಳಿದರೆ ಉಪಗ್ರಹಗಳು ಕೆಡುತ್ತವೆ, ಊರೂರೇ ಕತ್ತಲಾಗುತ್ತದೆ. ಮುಂಗಾಣಿ ಮೊದಲೇ ಎಚ್ಚರಿಸುತ್ತಿದ್ದುದರಿಂದ, ಅದು ಬಂದ ಆರು ವರ್ಷಗಳಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ. ಮುಂದಿನ ನೂರು ವರ್ಷಗಳ ಸೂರ್ಯ ಅದರೊಳಗೆ ಸಿದ್ಧನಾಗಿದ್ದ. ಸೂರ್ಯವಿಜ್ಞಾನಕ್ಕೆ ಈಗ ಒಬ್ಬ ವಿದ್ಯಾರ್ಥಿಯೂ ಸೇರುತ್ತಿರಲಿಲ್ಲ.

ಚಿತ್ರದುರ್ಗದ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಮಾರಕ್ಕ ಆ ಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ. ಹಳೆಯ ದೂರದರ್ಶಕ ಬಿಳಿ ಹಾಳೆಯ ಮೇಲೆ ಬೀಳಿಸುವ ಸೂರ್ಯಬಿಂಬದ ಕಲೆಗಳನ್ನು ಇಪ್ಪತ್ತೊಂಬತ್ತು ವರ್ಷಗಳಿಂದ ಅವಳು ಪೆನ್ಸಿಲ್ಲಿನಲ್ಲಿ ಗುರುತಿಸುತ್ತ ಬಂದಿದ್ದಳು. ಮೋಡ ಕವಿದ ದಿನ ‘ಮೋಡ’ ಎಂದು ಬರೆದು ತಾರೀಖು ಹಾಕುತ್ತಿದ್ದಳು.

ಆ ದಿನ ಓಬಳೇಶ ಬಂದ. ಮುಂಗಾಣಿಯನ್ನು ಕಟ್ಟಿದ ವಿಜ್ಞಾನಿ. ಒಂದು ಕಾಲಕ್ಕೆ ಅವಳ ಬಳಿಯೇ ಕಲಿತವನು. ಅವನ ಕೈಯಲ್ಲಿ ಆದೇಶವಿತ್ತು, ಹೊರಗೆ ಲಾರಿ ನಿಂತಿತ್ತು. ದೂರದರ್ಶಕ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅವಳಿಗೆ ಬೇರೆ ಕೆಲಸ, ಇದೇ ಸಂಬಳ.

“ಸಹಿ ಹಾಕಕ್ಕ. ಉತ್ತರ ಗೊತ್ತಿರೋದನ್ನ ಎಷ್ಟು ವರ್ಷ ಅಂತ ಬರೀತೀಯ?”

“ನಿನ್ನೆ ಸೂರ್ಯ ಹೆಂಗಿದ್ದ, ಹೇಳು.”

ಅವನ ಕೈ ಜೇಬಿಗೆ ಹೋಯಿತು.

“ಫೋನ್ ಮುಟ್ಟಬ್ಯಾಡ. ನೀನು ಕಂಡಿದ್ದು ಹೇಳು.”

ಓಬಳೇಶ ಜೇಬಿನಿಂದ ಬರಿಗೈ ಹೊರತೆಗೆದ. ಮಾರಕ್ಕ ಸ್ಟೂಲು ಎಳೆದು ಹಾಳೆಯ ಮುಂದೆ ಅವನನ್ನು ಕೂರಿಸಿದಳು. ಅವನು ಒಂದೊಂದೇ ಕಲೆಯನ್ನು ಎಣಿಸುತ್ತ ಹೋದ. ಅಂಚಿನಲ್ಲೊಂದು ಚುಕ್ಕೆ ಕಂಡಾಗ ಮುಖ ಅರಳಿತು. “ಹದಿನಾಲ್ಕು! ಅಕ್ಕಾ, ಮುಂಗಾಣಿ ಒಂದನ್ನ ಬಿಟ್ಟೈತೆ!”

ಅವಳು ಹಾಳೆಯನ್ನು ಸಣ್ಣಗೆ ಅಲುಗಿಸಿದಳು. ಬಿಂಬ ನಿಂತಲ್ಲೇ ನಿಂತಿತ್ತು. ಅವನ ಚುಕ್ಕೆ ಮಾತ್ರ ಹಾಳೆಯ ಜೊತೆ ಓಡಾಡಿತು.

“ಅದು ಕಾಗದದ ಮಚ್ಚೆ ಕಣಪ್ಪಾ, ಸೂರ್ಯಪಂಡಿತ!”

ಓಬಳೇಶನೂ ನಕ್ಕುಬಿಟ್ಟ. ಆಮೇಲೆ ಅರ್ಧ ಗಂಟೆ ಇಬ್ಬರೂ ಬಿಂಬ ನೋಡುತ್ತ ಕುಳಿತರು. ಲಾರಿಯ ಹಾರನ್ ಕೇಳಿಸಿತು.

“ಆದೇಶ ನಂದಲ್ಲಕ್ಕ.”

“ಕೆಳಗಡೆ ಹೆಸರು ನಿಂದೇ ಐತಲ್ಲ. ನಂದು ಮಾತ್ರ ಬೀಳಲ್ಲ.”

ಕೊನೆಗೆ ಅವಳ ಹೆಸರಿನ ಮುಂದೆ ಓಬಳೇಶನೇ ‘ಸಹಿಗೆ ನಿರಾಕರಿಸಿದ್ದಾರೆ’ ಎಂದು ಬರೆಯಬೇಕಾಯಿತು. “ದಪ್ಪಕ್ಕೆ ಬರಿ,” ಎಂದಳು ಮಾರಕ್ಕ. ಸಂಜೆಯೊಳಗೆ ದೂರದರ್ಶಕ ಲಾರಿ ಏರಿತು.

ಮರುದಿನ ಅವನು ಒಬ್ಬನೇ ಬೆಟ್ಟ ಹತ್ತಿ ಬಂದ. ಏಕೆ ಬಂದನೆಂದು ಅವಳು ಕೇಳಲಿಲ್ಲ. ಎಣ್ಣೆ ಡಬ್ಬಿಯ ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆದು ಕಿಟಕಿಗೆ ಕಟ್ಟಿ, ಉಳಿದ ಬೆಳಕಿಗೆಲ್ಲ ಕಂಬಳಿ ಅಡ್ಡ ಹಾಕಿದ್ದಳು. ತೂತಿನಿಂದ ತೂರಿ ಬಂದ ಸೂರ್ಯ, ಹಾಳೆಯ ಮೇಲೆ ನಾಣ್ಯದಷ್ಟಗಲ ಮಸುಕಾಗಿ ಬಿದ್ದಿದ್ದ.

“ಇದ್ರಲ್ಲಿ ಒಂದು ಕಲೆನೂ ಕಾಣಲ್ಲವಲ್ಲಕ್ಕ. ಮುಂಗಾಣಿ ಲೆಕ್ಕದಲ್ಲಿ ಇವತ್ತು ಹದಿನೈದು ಅವೆ.”

“ಇರ್ಲಿ. ನಂಗೆ ಕಾಣ್ಲಿಲ್ಲ ಅಂತ ಬರೀತೀನಿ.”

ಅವಳು ಬಿಂಬದ ಸುತ್ತ ಗೆರೆ ಎಳೆದು ತಾರೀಖು ಹಾಕಿದಳು. ‘ಬಿಸಿಲು. ಕಲೆ ಕಾಣಲಿಲ್ಲ.’ ಅಷ್ಟರಲ್ಲೇ ಸೂರ್ಯ ಗೆರೆ ದಾಟಿ ಜಾರತೊಡಗಿದ್ದ. ಎರಡು ಸಾವಿರದ ನೂರಾ ಅರವತ್ತನೆಯ ಇಸವಿಯ ಸೂರ್ಯನನ್ನೂ ಬಲ್ಲ ಓಬಳೇಶ ಮಂಡಿಯೂರಿ ಕುಳಿತ. ಈಗಿನ ಸೂರ್ಯ ಕೈತಪ್ಪದಂತೆ ಹಾಳೆಯನ್ನು ಒಂದು ಬೆರಳಷ್ಟು ಸರಿಸಿದ.